ಸೋತ ಮರುದಿನ ಇವರು ಎಲ್ಲಿರುತ್ತಾರೆ?

ಪ್ರತಿ ಸಲ ಫಲಿತಾಂಶ ಬಂದ ಸಂಜೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. "ಅಷ್ಟು ಓದಿದವರು, ಅಷ್ಟು ಪ್ರಾಮಾಣಿಕರು ನಿಂತಿದ್ರು, ಠೇವಣಿನೂ ಉಳಿಲಿಲ್ಲ ನೋಡಿ. ನಮ್ಮ ಜನಕ್ಕೆ ದುಡ್ಡು, ಜಾತಿ ಬಿಟ್ರೆ ಇನ್ನೇನೂ ಬೇಡ." ಈ ಮಾತು ಕೇಳಿದಾಗ ನನಗೆ ಸಿಟ್ಟಿಗಿಂತ ಜಾಸ್ತಿ ಬೇಜಾರಾಗುತ್ತದೆ. ದುಡ್ಡು ಹಂಚುವುದಿಲ್ಲ, ಜಾತಿ ನೋಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಎರಡೂ ಇವೆ, ನಮ್ಮೂರಲ್ಲೂ ಇವೆ. ಆದರೆ ಹೊಸಬರು ಸೋಲುವುದಕ್ಕೆ ಅದಷ್ಟೇ ಕಾರಣ ಅಂದುಬಿಟ್ಟರೆ ಮತದಾರರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ, ಮುಂದೆ ನಿಲ್ಲಬೇಕು ಅಂದುಕೊಂಡಿರುವ ಒಳ್ಳೆಯವರಿಗೂ ದಾರಿ ತಪ್ಪಿಸಿದ ಹಾಗಾಗುತ್ತದೆ.

ಬೇರೆ ಊರಿನಿಂದ ಬಂದವರು ಅನ್ನುವ ಒಂದೇ ಕಾರಣಕ್ಕೆ ಕರ್ನಾಟಕದ ಜನ ಯಾರನ್ನೂ ವಾಪಸ್ ಕಳಿಸಿಲ್ಲ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ವೀರೇಂದ್ರ ಪಾಟೀಲರ ಎದುರು ಗೆದ್ದರು. 1999ರಲ್ಲಿ ಬಳ್ಳಾರಿಗೆ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಹೊರಗಿನಿಂದಲೇ ಬಂದರು, ಸೋನಿಯಾ 56 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಸಿದ್ದರಾಮಯ್ಯ 2018ರಲ್ಲಿ ತಮ್ಮ ಸ್ವಂತ ಜಿಲ್ಲೆಯ ಚಾಮುಂಡೇಶ್ವರಿಯಲ್ಲಿ 36 ಸಾವಿರದಿಂದ ಸೋತು, ದೂರದ ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದು ಬಂದರು. ಬೆಂಗಳೂರಿನ ವಿ. ಸೋಮಣ್ಣ 2023ರಲ್ಲಿ ವರುಣಾ, ಚಾಮರಾಜನಗರ ಎರಡು ಕಡೆಯೂ ಸೋತರು. ಮಾರನೇ ವರ್ಷವೇ ತುಮಕೂರಿನಿಂದ ಒಂದೂಮುಕ್ಕಾಲು ಲಕ್ಷದ ಅಂತರದಲ್ಲಿ ಲೋಕಸಭೆಗೆ ಹೋದರು. ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಬೆಳಗಾವಿಗೆ ಬಂದಾಗ ಎದುರು ಪಕ್ಷದವರು ಮನೆ ವಿಳಾಸ ಕೇಳಿದ್ದೇ ಕೇಳಿದ್ದು. ಅವರೂ ಗೆದ್ದರು.

ಇವರೆಲ್ಲ ಆ ಊರಿಗೆ ಹೊಸಬರು ನಿಜ, ಆದರೆ ಇವರು ಬರುವ ಮೊದಲೇ ಇವರ ಪಕ್ಷದ ಹುಡುಗರು ಆ ಊರಲ್ಲಿದ್ದರು. ಕಷ್ಟ ಇರುವುದು ಇನ್ನೊಂದು ಥರದ ಹೊಸಬರಿಗೆ. ರಾಜಕೀಯಕ್ಕೇ ಹೊಸಬರಾದವರಿಗೆ. ಬೆಂಗಳೂರು ದಕ್ಷಿಣದಲ್ಲಿ 2009ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಪಕ್ಷೇತರರಾಗಿ ನಿಂತರು. ಏರ್ ಡೆಕ್ಕನ್ ಕಟ್ಟಿ ಜನಸಾಮಾನ್ಯರನ್ನು ವಿಮಾನ ಹತ್ತಿಸಿದ ಮನುಷ್ಯ, ಹೆಸರು ಗೊತ್ತಿಲ್ಲದವರಿಲ್ಲ, ಗೆಲ್ಲಲಿಲ್ಲ. 2014ರಲ್ಲಿ ಅಲ್ಲೇ ಇನ್ಫೋಸಿಸ್‌ನ ನಂದನ್ ನಿಲೇಕಣಿ ಕಾಂಗ್ರೆಸ್‌ನಿಂದ ನಿಂತು 1996ರಿಂದ ಒಂದೇ ಸಮ ಗೆಲ್ಲುತ್ತಿದ್ದ ಅನಂತಕುಮಾರ್ ಎದುರು 2.28 ಲಕ್ಷ ಮತಗಳಿಂದ ಸೋತರು. 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ನಟ ಪ್ರಕಾಶ್ ರಾಜ್ ಅವರಿಗೆ ಬಿದ್ದಿದ್ದು 28,906 ಮತ. ಠೇವಣಿ ಉಳಿಯಬೇಕಾದರೆ ಚಲಾವಣೆಯಾದ ಮತಗಳಲ್ಲಿ ಆರರಲ್ಲಿ ಒಂದು ಪಾಲು ಬೇಕು, ಅದರ ಹತ್ತಿರಕ್ಕೂ ಹೋಗಲಿಲ್ಲ. ಹೆಸರು, ಹಣ, ಟಿವಿ ಎಲ್ಲ ಇದ್ದವರ ಕಥೆಯೇ ಇದು ಅಂದರೆ ನಿವೃತ್ತ ಮೇಷ್ಟರು, ಆರ್‌ಟಿಐ ಹೋರಾಟಗಾರರು, ವಕೀಲರು ನಿಂತಾಗ ಏನಾಗುತ್ತದೆ ಯೋಚಿಸಿ.

ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಚುನಾವಣೆಯಲ್ಲಿ ನಮ್ಮೂರ ಶಾಲೆಯ ಬೂತಿನಲ್ಲಿ ಪಕ್ಷೇತರ ಅಭ್ಯರ್ಥಿಯೊಬ್ಬರ ಏಜೆಂಟಾಗಿ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ದೊಡ್ಡ ಪಕ್ಷವೊಂದರ ಏಜೆಂಟ್, ನಮ್ಮೂರವನೇ. ಅಧಿಕಾರಿ ಹೆಸರು ಕೂಗುವ ಮೊದಲೇ ಅವನ ಪೆನ್ನು ವೋಟರ್ ಲಿಸ್ಟಿನ ಆ ಹೆಸರಿನ ಮೇಲೆ ಇರುತ್ತಿತ್ತು. ಯಾರು ತೀರಿಕೊಂಡಿದ್ದಾರೆ, ಯಾವ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾಳೆ, ಯಾರು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ನಲ್ಲಿದ್ದಾರೆ, ಬೆಳಗ್ಗೆ ಬಸ್ಸಿಗೆ ಬರುತ್ತಾರೋ ಇಲ್ಲವೋ, ಎಲ್ಲ ಬಾಯಿಪಾಠ. ಮಧ್ಯಾಹ್ನ ಮೂರರ ಹೊತ್ತಿಗೆ ಹೊರಗೆ ಟೇಬಲ್ ಹಾಕಿಕೊಂಡಿದ್ದ ಅವನ ಹುಡುಗರಿಗೆ ಯಾವ ಮನೆಯಿಂದ ಇನ್ನೂ ಯಾರು ಬಂದಿಲ್ಲ ಅನ್ನುವುದು ಗೊತ್ತಿತ್ತು, ಒಬ್ಬೊಬ್ಬರನ್ನೇ ಬೈಕಿನಲ್ಲಿ ಕರೆತರುತ್ತಿದ್ದರು. ನಮ್ಮ ಅಭ್ಯರ್ಥಿಗೆ ಕ್ಷೇತ್ರದ ಬಹುಪಾಲು ಬೂತುಗಳಲ್ಲಿ ಕೂರಲು ಜನವೇ ಇರಲಿಲ್ಲ.

ಅವನು ಬರೀ ಪಕ್ಷದ ಆಳು ಅಂದುಕೊಳ್ಳಬೇಡಿ. ಚುನಾವಣೆ ಇಲ್ಲದ ದಿನ ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ತಾಲ್ಲೂಕು ಆಫೀಸಿಗೆ ಅಲೆಯುವವನು ಅವನೇ. ರಾತ್ರಿ ಹನ್ನೊಂದಕ್ಕೆ ಯಾರಿಗಾದರೂ ಎದೆನೋವು ಬಂದರೆ ಗಾಡಿ ಮಾಡಿಸಿ, ಎಂಎಲ್‌ಎ ಪಿಎಗೆ ಫೋನ್ ಮಾಡಿ ಆಸ್ಪತ್ರೆಯಲ್ಲಿ ಬೆಡ್ ಕೇಳುವವನು ಅವನೇ. ತಿಥಿ ಮನೆಯಲ್ಲಿ ಬಡಿಸಲು ನಿಲ್ಲುವವನೂ ಅವನೇ. ಅವನು ಕಮಿಷನ್ ತಿನ್ನುತ್ತಾನೆ ಅಂತ ಊರಿಗೆಲ್ಲ ಗೊತ್ತು. ಆದರೂ ಅವನು ಬೇಕು, ಯಾಕೆಂದರೆ ಅವನು ಸಿಗುತ್ತಾನೆ.

ಪ್ರಚಾರಕ್ಕೆ ಹೋದಾಗ ಒಬ್ಬರು ಅಜ್ಜಿ ನಮ್ಮ ಕರಪತ್ರ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು, "ಮನ್ಸ ಒಳ್ಳೇನು ಕಣಪ್ಪ. ಸೋತ್ರೆ ಇನ್ನೊಂದ್ಸಲ ಈ ಕಡೆ ಬತ್ತಾನಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಅಭ್ಯರ್ಥಿ ಸೋತರು, ಮತ್ತೆ ಬರಲಿಲ್ಲ.

ಒಂದು ಆಸ್ಪತ್ರೆ ಬೆಡ್‌ಗೆ, ಒಂದು ಖಾತೆಗೆ, ಒಂದು ರೇಷನ್ ಕಾರ್ಡಿಗೆ ಶಾಸಕರ ಶಿಫಾರಸು ಬೇಕಾಗಬಾರದು. ಆ ವ್ಯವಸ್ಥೆ ಕೆಟ್ಟದ್ದು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದು ಸರಿಹೋಗುವವರೆಗೂ ಬಡವರು ಆ ಫೋನ್ ನಂಬರನ್ನೇ ನಂಬಿ ಬದುಕಬೇಕು, ಅಲ್ವಾ? ಜಾತಿಯೂ ಮುಕ್ಕಾಲು ಪಾಲು ಹೀಗೇ ಕೆಲಸ ಮಾಡುತ್ತದೆ. ಠಾಣೆಯಲ್ಲಿ, ಆಫೀಸಿನಲ್ಲಿ ನಮ್ಮ ಮಾತು ಕೇಳಿಸಿಕೊಳ್ಳುವ ಒಬ್ಬ ನಮ್ಮವನು ಇರಲಿ ಅನ್ನುವ ಆಸೆ. ಹೊಸ ಅಭ್ಯರ್ಥಿ ಪಾರದರ್ಶಕತೆ, ಲೋಕಪಾಲ ಅಂತ ಮಾತಾಡುವಾಗ ಕೇಳುವವರ ತಲೆಯಲ್ಲಿ ಈ ಲೆಕ್ಕ ಓಡುತ್ತಿರುತ್ತದೆ. ಅದರ ಜೊತೆಗೆ "ಗೆಲ್ಲಲ್ಲ ಅಂತ ಗೊತ್ತಿದ್ದೂ ಓಟು ಯಾಕೆ ಸುಮ್ನೆ ಹಾಳು ಮಾಡೋದು" ಅನ್ನುವ ಇನ್ನೊಂದು ಲೆಕ್ಕ.

ನಿಯಮಗಳೂ ಪಕ್ಷೇತರರ ಕಡೆಗಿಲ್ಲ. ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದ ಮೇಲೆಯೇ ಅವರಿಗೆ ಚಿಹ್ನೆ ಸಿಗುವುದು, ಅದನ್ನು ಮನೆಮನೆಗೆ ಮುಟ್ಟಿಸಲು ಉಳಿಯುವುದು ಹೆಚ್ಚುಕಡಿಮೆ ಎರಡು ವಾರ. ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆ, ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ.

ಹಾಗಾದರೆ ಪಕ್ಷೇತರರಾಗಿ ನಿಂತ ಸುಮಲತಾ ಹೇಗೆ ಗೆದ್ದರು ಅಂತ ಕೇಳುತ್ತೀರಿ. 2019ರಲ್ಲಿ ಮಂಡ್ಯದಲ್ಲಿ ಅವರದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು, ಜಾತಿ ಎತ್ತಿ ಹೊರಗಿನವರು ಅಂದರು, ಆದರೂ ಕಹಳೆ ಊದುವ ರೈತನ ಚಿಹ್ನೆಯಲ್ಲಿ ನಿಖಿಲ್ ಕುಮಾರಸ್ವಾಮಿ ಎದುರು 1.25 ಲಕ್ಷ ಮತಗಳಿಂದ ಗೆದ್ದರು. ತೀರಿಕೊಂಡ ಗಂಡ, ನಟ ಅಂಬರೀಶ್ ಮೇಲಿನ ಪ್ರೀತಿ ಇತ್ತು. ಬಿಜೆಪಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತ್ತು. ಜೆಡಿಎಸ್ ಜೊತೆಗಿನ ಮೈತ್ರಿ ಒಪ್ಪದ ಕಾಂಗ್ರೆಸ್ ಕಾರ್ಯಕರ್ತರೂ ಒಳಗೊಳಗೇ ದುಡಿದರು. ಬೂತಿನಲ್ಲಿ ಕೂರಲು ಅವರಿಗೆ ಜನರ ಕೊರತೆ ಇರಲಿಲ್ಲ. 2024ರಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಡಾ. ಸಿ.ಎನ್. ಮಂಜುನಾಥ್ ಗೆದ್ದಿದ್ದನ್ನೂ ಹೀಗೇ ನೋಡಬೇಕು. ಅವರ ಹಿಂದೆ ಮಾವ ದೇವೇಗೌಡರ ಕುಟುಂಬ ಇತ್ತು, ಬಿಜೆಪಿ, ಜೆಡಿಎಸ್ ಎರಡು ಪಕ್ಷಗಳಿದ್ದವು. ಅದರ ಜೊತೆಗೆ ಅವರು ಮುಖ್ಯಸ್ಥರಾಗಿದ್ದ ಜಯದೇವ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡು ಬಂದವರು ಹಳ್ಳಿಹಳ್ಳಿಯಲ್ಲೂ ಇದ್ದರು. ಓಟು ಕೇಳುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಆ ಮನೆಗಳಿಗೆ ಗೊತ್ತಿದ್ದ ಡಾಕ್ಟರು.

ನನಗೆ ಇವರೆಲ್ಲರಿಗಿಂತ ಮುಖ್ಯ ಅನ್ನಿಸುವುದು ಮೇಲುಕೋಟೆಯ ದರ್ಶನ್ ಪುಟ್ಟಣ್ಣಯ್ಯ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದವರು. ತಂದೆ, ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ 2018ರಲ್ಲಿ ತೀರಿಕೊಂಡ ಕೆಲವೇ ತಿಂಗಳಿಗೆ ಚುನಾವಣೆಗೆ ನಿಂತು ಸೋತರು. 2023ರಲ್ಲಿ ಅದೇ ಕ್ಷೇತ್ರದಲ್ಲಿ, ಹಿಂದಿನ ಸಲ ತಮ್ಮನ್ನು ಸೋಲಿಸಿದ್ದ ಸಿ.ಎಸ್. ಪುಟ್ಟರಾಜು ಎದುರೇ ಗೆದ್ದರು. ತಂದೆಯ ಹೆಸರು, ರೈತಸಂಘ, ಕಾಂಗ್ರೆಸ್ ಬೆಂಬಲ ಎರಡು ಸಲವೂ ಇದ್ದವು. ನಡುವೆ ಹೊಸದಾಗಿ ಸೇರಿದ್ದು ಐದು ವರ್ಷ. ಸುಷ್ಮಾ ಸ್ವರಾಜ್ ಕೂಡ ಸೋತ ಮೇಲೂ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಗೆದ್ದ ಸೋನಿಯಾ ಅಮೇಥಿ ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟಿದ್ದರು. 1952ರಿಂದ ಕಾಂಗ್ರೆಸ್ ಕೈಲಿದ್ದ ಆ ಕ್ಷೇತ್ರ 2004ರಲ್ಲಿ ಬಿಜೆಪಿಗೆ ಹೋಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಬಳ್ಳಾರಿಯವರು ಆ ಹಬ್ಬದ ಮಾತನ್ನು ಮರೆತಿಲ್ಲ.

ಇನ್ನೊಂದು ವಿಷಯಕ್ಕೆ ಯಾರೂ ಸಾಕಷ್ಟು ಗಲಾಟೆ ಮಾಡುತ್ತಿಲ್ಲ, ಅದು ನನ್ನ ದೊಡ್ಡ ಸಂಕಟ. ಹೊಸಬರು ಜನರಿಗೆ ಪರಿಚಯ ಆಗುವ ಜಾಗ ವಾರ್ಡು ಮತ್ತು ಪಂಚಾಯಿತಿ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ಆಯಿತು, 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಬೆಂಗಳೂರಿಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯಿತು, 2021ಕ್ಕೆ ಅವಧಿ ಮುಗಿಯಿತು, ಅಲ್ಲೂ ಅದೇ ಕಥೆ. ಮೋರಿ, ಕಸ, ಬೀದಿದೀಪದ ಕೆಲಸ ಮಾಡಿ ಹೆಸರು ಮಾಡಬೇಕಾದವರಿಗೆ ಮೊದಲ ಮೆಟ್ಟಿಲನ್ನೇ ಕಿತ್ತುಹಾಕಿ, ನೇರವಾಗಿ ವಿಧಾನಸೌಧಕ್ಕೆ ಹತ್ತಿ ಅಂದರೆ ಹತ್ತುವವರು ಯಾರು? ಅಪ್ಪ ಎಂಎಲ್‌ಎ ಆಗಿದ್ದವರು, ಇಲ್ಲವೇ ಕೋಟಿಗಟ್ಟಲೆ ದುಡ್ಡಿರುವವರು. ಈ ಚುನಾವಣೆಗಳನ್ನು ಮುಂದೂಡುವುದರಲ್ಲಿ ಯಾವ ಪಕ್ಷದ ಸರ್ಕಾರವೂ ಹಿಂದೆ ಬಿದ್ದಿಲ್ಲ.

2028ಕ್ಕೆ ನಿಲ್ಲಬೇಕು ಅಂದುಕೊಂಡಿರುವವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಪಕ್ಷದ ಹೆಸರು, ಬಾವುಟದ ಬಣ್ಣ ಆಮೇಲೆ ನೋಡೋಣ. ನಿಮ್ಮ ಕ್ಷೇತ್ರದ ವೋಟರ್ ಲಿಸ್ಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ, ನಿಮ್ಮ ಬೂತಿನದು ಇವತ್ತೇ ಪ್ರಿಂಟ್ ತೆಗೆಸಿ. ಅದರಲ್ಲಿ ಎಷ್ಟು ಮನೆಯವರಿಗೆ ನಿಮ್ಮ ಮುಖ ಗೊತ್ತು, ಎಷ್ಟು ಮನೆಯಲ್ಲಿ ನಿಮ್ಮ ನಂಬರ್ ಇದೆ ಗುರುತು ಹಾಕಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ, ಹಳ್ಳಿಯವರಾದರೆ ಅಲ್ಲಿ ಮೊದಲು ನಿಲ್ಲಿ. ಸೋತರೆ ಮಾರನೇ ವಾರ ಅದೇ ಮನೆಗಳಿಗೆ ಮತ್ತೆ ಹೋಗಿ. ಬೂತಿನಲ್ಲಿ ಕೂರಲು ಜನ ಬೇಕಾದರೆ ಹೇಳಿ, ನಾನು ಬರುತ್ತೇನೆ.