ಮನೆ ನಂಬರಿಲ್ಲದ ಬ್ರಾಡ್‌ಬ್ಯಾಂಡ್

ಬ್ರಾಡ್‌ಬ್ಯಾಂಡ್ ಕಂಪನಿ ಕೊಡುವ ರೂಟರಿನಷ್ಟು ವಿನಯವಂತ ಸುಳ್ಳುಗಾರ ಇನ್ನೊಬ್ಬನಿಲ್ಲ. ಬ್ರೌಸರಿನಲ್ಲಿ 192.168.1.1 ಎಂದು ಬರೆದು ಒಳಹೊಕ್ಕರೆ ಹೊರಗಿನಿಂದ ಬಂದವರನ್ನು ಮನೆಯೊಳಗಿನ ಕಂಪ್ಯೂಟರಿಗೆ ದಾಟಿಸುವ ‘ಪೋರ್ಟ್ ಫಾರ್ವರ್ಡಿಂಗ್’ ಎಂಬ ಪುಟ ಸಿಗುತ್ತದೆ. ಕೆಲವು ರೂಟರುಗಳಲ್ಲಿ ಅದು ‘ವರ್ಚುವಲ್ ಸರ್ವರ್’ ಎಂಬ ವೇಷದಲ್ಲಿರುತ್ತದೆ. ಪೋರ್ಟ್ ಎಂಬ ಬಾಗಿಲಿನ ನಂಬರು 25565 ಎಂದು ತುಂಬಿ, ಟಿಸಿಪಿ ಎಂಬ ಸಂಪರ್ಕದ ಬಗೆ ಆರಿಸಿ, ಮನೆಯ ಕಂಪ್ಯೂಟರಿನ ವಿಳಾಸ ಕೊಟ್ಟು ಗುಂಡಿ ಒತ್ತಿದರೆ ‘ಯಶಸ್ವಿಯಾಗಿ ಉಳಿಸಲಾಗಿದೆ’ ಎನ್ನುತ್ತದೆ. ಉಳಿಸಿರುವುದು ನಿಜವೇ. ಆ ಬಾಗಿಲಿಗೆ ಯಾರೂ ಬರಲಾರರು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆಸೆಯೇನೂ ದೊಡ್ಡದಲ್ಲ. ದಾವಣಗೆರೆಯಲ್ಲಿ ಹೈಸ್ಕೂಲು ಓದುತ್ತಿರುವ ನನ್ನ ಅಕ್ಕನ ಮಗ ಮೈನ್‌ಕ್ರಾಫ್ಟ್‌ ಎಂಬ ಕಂಪ್ಯೂಟರ್ ಆಟದಲ್ಲಿ ಒಂದು ಲೋಕ ಕಟ್ಟಿ, ಗೆಳೆಯರನ್ನು ಆಟಕ್ಕೆ ಕರೆದಿದ್ದಾನೆ. ಹೊರಗೆ ಎಲ್ಲೋ ಬಾಡಿಗೆ ಸರ್ವರ್ ಹಿಡಿಯುವ ಬದಲು ಮನೆಯ ಕಂಪ್ಯೂಟರಿನಲ್ಲೇ ನಡೆಸೋಣ ಎಂದು ಅವನ ಲೆಕ್ಕ. 25565ನೇ ಪೋರ್ಟಿಗೆ ಬಂದವರನ್ನು ರೂಟರ್ ಆ ಕಂಪ್ಯೂಟರಿಗೆ ದಾಟಿಸಿದರೆ ಮುಗಿಯಿತು. ಕಾಗದದ ಮೇಲೆ ಐದು ನಿಮಿಷದ ಕೆಲಸ.

ಆದರೆ ರೂಟರಿಗೆ ಹೊರಗಿನಿಂದ ಸಿಕ್ಕಿರುವ ವಿಳಾಸ 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಏರ್ಪಾಡಿಗೆಂದೇ 2012ರಲ್ಲಿ ಮೀಸಲಿಟ್ಟ ಅಂಕಿಗಳು ಅವು. ತಿಳಿದವರು ಆ ಏರ್ಪಾಡನ್ನು ಸಿಜಿನ್ಯಾಟ್ ಎನ್ನುತ್ತಾರೆ. ನಾವು ವಠಾರ ಎನ್ನಬಹುದು. ಎಷ್ಟೋ ಸಂಸಾರಗಳಿಗೆ ಬೀದಿಯ ಕಡೆ ಒಂದೇ ನಂಬರು. ಒಳಗಿರುವವರು ಹೊರಗೆ ಹೋಗಿ ತಂದ ಸಾಮಾನು ತಪ್ಪದೆ ಅವರವರ ಕೋಣೆ ಸೇರುತ್ತದೆ. ತಾನಾಗಿ ಹುಡುಕಿಕೊಂಡು ಬಂದ ನೆಂಟ ಮಾತ್ರ ಹೆಬ್ಬಾಗಿಲಲ್ಲೇ ನಿಲ್ಲಬೇಕು. ಯಾರ ಮನೆಗೆ ಬಂದಿರಿ ಎಂದು ಕೇಳುವವರೂ ಇಲ್ಲ. ನಿಮ್ಮ ಕೋಣೆಯ ಬಾಗಿಲನ್ನು ಎಷ್ಟು ಅಗಲಕ್ಕೆ ತೆರೆದಿಟ್ಟರೇನು?

ಕಂಪನಿಗಳನ್ನೇ ಪೂರ್ತಿ ಬೈಯುವಂತೆಯೂ ಇಲ್ಲ. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ನಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಇದಕ್ಕೆ ಪರಿಹಾರವೆಂದು ರೂಪಿಸಿದ ಐಪಿವಿ6ನಲ್ಲಿ ವಿಳಾಸಗಳಿಗೆ ಬರವಿಲ್ಲ, ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲೂ ಇದೆ. ಅಕ್ಕನ ಮನೆಯ ರೂಟರಿಗೂ ಅದು ಬಂದಿದೆ. ಆದರೆ ಹೊರಗಿನಿಂದ ಬರುವವರನ್ನು ಫೈರ್‌ವಾಲ್ ತಡೆಯುತ್ತದೆ, ಅದನ್ನು ಸಡಿಲಿಸುವ ಪುಟ ಗ್ರಾಹಕರ ಲಾಗಿನ್‌ಗೆ ಕಾಣಿಸುವುದಿಲ್ಲ. ಕಂಪನಿಯವರು ಮಾತ್ರ ಟಿಆರ್-069 ಎಂಬ ಹಿತ್ತಿಲ ಬಾಗಿಲಿನಿಂದ ಬೇಕೆಂದಾಗ ಬಂದು, ಸೆಟ್ಟಿಂಗ್ ಬದಲಿಸಿ, ಹೇಳದೆ ಕೇಳದೆ ಹೋಗಬಹುದು.

ಸಹಾಯವಾಣಿಗೆ ಕರೆ ಮಾಡಿದೆ.

“ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿದ್ದೀರಾ ಸರ್?”

ಮಾಡಿದ್ದೇವೆ.

“ಹಸಿರು ದೀಪ ಉರಿಯುತ್ತಿದೆಯೇ?”

ಉರಿಯುತ್ತಿದೆ.

“ಹಾಗಾದರೆ ಇಂಟರ್ನೆಟ್ ಬರುತ್ತಿದೆ ಸರ್.”

ಬರುತ್ತಿದೆ ತಾಯಿ, ತಕರಾರು ಅದಲ್ಲ. ಹೊರಗಿನವರು ನಮ್ಮಲ್ಲಿಗೆ ಬರುವುದು ಹೇಗೆ ಎಂದೆ. ತುಸು ಹೊತ್ತು ಕೀಲಿಮಣೆಯ ಸದ್ದು.

“ಅವರಿಗೂ ನಮ್ಮದೇ ಕನೆಕ್ಷನ್ ಹಾಕಿಸಿ ಸರ್, ಈಗ ಆಫರ್ ಇದೆ.”

ಎರಡು ಬೀದಿ ಆಚೆಗಿರುವ ಗೆಳೆಯನ ಮನೆಯಲ್ಲೂ ನಿಮ್ಮದೇ ಕನೆಕ್ಷನ್ ಇದೆಯಲ್ಲ ಎಂದೆ.

“ಹಾಗಿದ್ದರೆ ಅವರೂ ಒಮ್ಮೆ ರೂಟರ್ ಆಫ್ ಮಾಡಿ ಆನ್ ಮಾಡಲಿ ಸರ್.”

ಹುಡುಗ ಕಾಯಲಿಲ್ಲ. ಹೊರಗಿನವರನ್ನು ತನ್ನ ಸರ್ವರ್ ಮೂಲಕ ಮನೆಯೊಳಕ್ಕೆ ಕರೆತರುವ ಉಚಿತ ಸುರಂಗ ಸೇವೆಯೊಂದನ್ನು ಹುಡುಕಿಕೊಂಡ. ಅದರ ಸರ್ವರ್ ಇರುವುದು ಸಿಂಗಪುರದಲ್ಲಿ. ಹೀಗಾಗಿ ದಾವಣಗೆರೆಯಲ್ಲಿ ಬೀಸಿದ ಕತ್ತಿ ಸಮುದ್ರ ದಾಟಿ, ಸಿಂಗಪುರದಲ್ಲಿ ಮುಖ ತೋರಿಸಿ, ಮತ್ತೆ ಸಮುದ್ರ ದಾಟಿ ಬಂದು ಎರಡು ಬೀದಿ ಆಚೆಯವನಿಗೆ ತಗಲಬೇಕು. ಅಷ್ಟರಲ್ಲಿ ಪೆಟ್ಟು ತಿನ್ನಬೇಕಾದವನು ಜಾಗ ಬದಲಿಸಿರುತ್ತಾನೆ. ಕೆಲವೊಮ್ಮೆ ಊಟಕ್ಕೇ ಎದ್ದಿರುತ್ತಾನೆ.

ಉಳಿದದ್ದು ಸ್ಟ್ಯಾಟಿಕ್ ಐಪಿ, ಅಂದರೆ ನಮ್ಮದೇ ಆದ ಬದಲಾಗದ ವಿಳಾಸ. ಅದಕ್ಕೆ ತಿಂಗಳಿಗೆ ಬೇರೆ ಹಣ, ಹಣದ ಮೇಲೆ ಶೇ 18ರಷ್ಟು ಜಿಎಸ್‌ಟಿ. ಮನೆಗೆ ಕಂದಾಯ ಕಟ್ಟುವುದು ಸರಿ, ಮನೆಯ ನಂಬರಿಗೂ ಕಟ್ಟಬೇಕು. ಅರ್ಜಿಯಲ್ಲಿ ‘ಉದ್ದೇಶ’ ಎಂಬ ಕಲಂ ಇತ್ತು: ಕಚೇರಿ, ಸಿಸಿಟಿವಿ, ಇತರೆ. ‘ಇತರೆ’ ಎಂದು ಗುರುತು ಹಾಕಿ ‘ಆಟ’ ಎಂದು ಬರೆದರೆ ಅರ್ಜಿ ಮೇಲಿನವರಿಗೆ ಹೋಗುತ್ತದಂತೆ. ಮೇಲಿನವರು ಯಾರೆಂದು ಕೆಳಗಿನವರಿಗೆ ಗೊತ್ತಿಲ್ಲ. ಕೊನೆಗೆ ಕೇಬಲ್ ಎಳೆಯಲು ಬಂದ ಹುಡುಗನೇ ದಾರಿ ತೋರಿದ: “ಸಿಸಿಟಿವಿ ಎಂದು ಬರೆದುಬಿಡಿ ಸರ್, ಬೇಗ ಆಗುತ್ತದೆ.”

ಬರೆದೆವು. ಬೇಗ ಆಯಿತು. ಕಂಪನಿಯ ದಾಖಲೆಯ ಪ್ರಕಾರ ಅಕ್ಕನ ಮನೆ ಈಗ ಹಗಲಿರುಳು ಕ್ಯಾಮೆರಾ ಕಾವಲಿನಲ್ಲಿದೆ. ಮೊನ್ನೆ ನಾನು ಅಲ್ಲಿದ್ದಾಗ ಅವರೇ ಫೋನ್ ಮಾಡಿ, “ಸಿಸಿಟಿವಿ ಸರಿಯಾಗಿ ಕಾಣಿಸುತ್ತಿದೆಯೇ ಸರ್?” ಎಂದು ವಿಚಾರಿಸಿದರು. ಹುಡುಗನ ಪರದೆಯತ್ತ ನೋಡಿದೆ. ಗೆಳೆಯರಿಬ್ಬರು ಅವನ ಕೋಟೆಗೆ ನುಗ್ಗಿ ಹಸುಗಳನ್ನು ಅಟ್ಟಿಕೊಂಡು ಹೋಗುತ್ತಿದ್ದರು.

“ಚೆನ್ನಾಗಿ ಕಾಣಿಸುತ್ತಿದೆ ಅಮ್ಮ,” ಎಂದೆ. “ಕಳ್ಳರ ಮುಖವೂ ಸ್ಪಷ್ಟವಾಗಿದೆ.”