ಮಳಿ ಬಂದ್ರ ತಾನ ಹೋಗ್ತೈತಿ ಬಿಡ್ರಿ

ನಮ್ಮ ಓಣಿಯ ತುದಿಯಲ್ಲಿ ಒಂದು ಮನೆ ಕಟ್ಟುತ್ತಿದ್ದಾರೆ. ಪಾಯ ತೆಗೆದ ಮಣ್ಣನ್ನೆಲ್ಲ ಗಟಾರದ ಅಂಚಿಗೇ ಒಟ್ಟಿದ್ದಾರೆ. ಮಾಲೀಕರನ್ನು ಕೇಳಿದೆ. "ಮಳಿ ಬಂದ್ರ ತಾನ ಹೋಗ್ತೈತಿ ಬಿಡ್ರಿ ಅಣ್ಣಾರ" ಅಂದರು.

ಹೋಯಿತು, ನಿಜ. ಮೊನ್ನೆ ಸಂಜೆಯ ಅಡ್ಡಮಳೆಗೆ ಅರ್ಧ ಗುಡ್ಡೆ ಕರಗಿತು. ಒಂದಿಷ್ಟು ಗಟಾರದಲ್ಲಿ ಕೂತಿತು, ಒಂದಿಷ್ಟು ರಸ್ತೆ ಮೇಲೆ ಹರಡಿ ಎರಡು ಸ್ಕೂಟಿ ಜಾರಿಸಿತು. ಉಳಿದದ್ದು ಉಣಕಲ್ ಕೆರೆಯ ದಾರಿ ಹಿಡಿಯಿತು.

ಎರೆ ಮಣ್ಣಿನ ಗುಣ ಹುಬ್ಬಳ್ಳಿಯವರಿಗೆ ಹೇಳಬೇಕಾ? ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಹಾಗಾಗಿ ಗಟ್ಟಿ ನೆಲ ಸಿಗುವ ತನಕ ಅದನ್ನು ತೆಗೆದು ಗರಸು ತುಂಬುತ್ತೇವೆ. 30×40 ಸೈಟನ್ನು ಪೂರ್ತಿ ಐದು ಅಡಿ ಅಗೆದರೆ 60 ಬ್ರಾಸ್ ಮಣ್ಣು, ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಉಸುಕಾದರೆ ನೀರು ನಿಂತ ಕೂಡಲೇ ತಳ ಸೇರುತ್ತದೆ. ಎರೆಯ ಸಣ್ಣ ಕಣ ಹಾಗಲ್ಲ, ಅಲುಗಾಡದ ನೀರಲ್ಲೂ ಒಂದು ಅಡಿ ಇಳಿಯಲು ಹೆಚ್ಚುಕಮ್ಮಿ ಒಂದು ದಿನ ಬೇಕು. ಗಟಾರಕ್ಕೆ ಇಳಿದ ಮೇಲೆ ತಡೆಯುತ್ತೇನೆ ಅನ್ನುವುದು ಸುಮ್ನೆ ಮಾತು.

ನಿಯಮ ಇಲ್ಲ ಅಂತಲ್ಲ. ಕಟ್ಟಡ ತ್ಯಾಜ್ಯ ರಸ್ತೆಗೆ, ಚರಂಡಿಗೆ ಅಡ್ಡ ಆಗಬಾರದು ಅಂತ 2016ರಲ್ಲೇ ಕೇಂದ್ರದ ನಿಯಮ ಬಂತು. 2018ರಲ್ಲಿ ಸಡಿಲ ಮಣ್ಣನ್ನು ಮುಚ್ಚದೆ ಬಿಡಬಾರದು ಅಂತ ಇನ್ನೊಂದು. ಅದು ಧೂಳಿನ ಚಿಂತೆಗೆ. ಬೇಸಿಗೆಯಲ್ಲಿ ಹಾರುವ ಮಣ್ಣು ಅದಕ್ಕೆ ಕಂಡಿತು, ಮಳೆಗಾಲದಲ್ಲಿ ಹರಿಯುವ ಮಣ್ಣು ಕಾಣಲಿಲ್ಲ.

ಅಮೆರಿಕದಲ್ಲಿ ಒಂದು ಎಕರೆ ಅಥವಾ ಅದಕ್ಕಿಂತ ಜಾಸ್ತಿ ನೆಲ ಕೆದಕಿದರೆ, ಮಳೆ ನೀರಲ್ಲಿ ಮಣ್ಣು ಹೋಗದಂತೆ ಏನು ಮಾಡುತ್ತೀರಿ ಅಂತ ಮೊದಲೇ ಬರೆದು ಪರವಾನಗಿ ಪಡೆಯಬೇಕು. ಅದನ್ನೇ ಇಲ್ಲಿ ತನ್ನಿ ಅನ್ನುವ ಗೆಳೆಯರಿದ್ದಾರೆ. ಎಕರೆ ಅಂದರೆ 40 ಗುಂಟೆ. ನಮ್ಮ 30×40 ಒಂದು ಗುಂಟೆಗಿಂತ ತುಸು ಜಾಸ್ತಿ ಅಷ್ಟೇ! ಇಡೀ ಓಣಿಯೇ ಆ ಬಲೆಯಿಂದ ಪಾರು.

ನಮಗೆ ಬೇಕಿರುವುದು ಸಣ್ಣ ಸೈಟಿನ ನಿಯಮ. ಮಣ್ಣು ಸೈಟಿನ ಒಳಗೇ ಇರಲಿ, ಮೇಲೆ ತಾಡಪತ್ರಿ ಹೊದಿಸಲಿ. ತಗ್ಗಿನ ಕಡೆ ಒಂದು ಒಡ್ಡು. ಟಿಪ್ಪರ್ ಹೊರಬರುವಲ್ಲಿ ದಪ್ಪ ಖಡಿ. ಮನೆ ಕಟ್ಟುವ ಪರವಾನಗಿಯಲ್ಲೇ ಇದನ್ನು ಬರೆದು, ರೋಹಿಣಿ ಮಳೆಗೆ ಮುಂಚೆ ಒಮ್ಮೆ ಬಂದು ನೋಡಿದರೆ ಸಾಕು. ನವಲಗುಂದದ ಕಡೆ ರೈತ ಇದೇ ಎರೆ ಹೊಲದಲ್ಲಿ ಕೊಚ್ಚಿ ಹೋಗದಿರಲಿ ಅಂತ ಒಡ್ಡು ಹಾಕಿಸುತ್ತಾನೆ. ನಾವು ಅದನ್ನೇ ಗಟಾರಕ್ಕೆ ದೂಡುತ್ತೇವೆ.

ನಾನೇನು ಸಾಚಾ ಅಲ್ಲ. ನಮ್ಮ ಮನೆ ಕಟ್ಟುವಾಗಲೂ ಮಣ್ಣು ಇದೇ ಗಟಾರದ ಪಕ್ಕದಲ್ಲಿತ್ತು. ಮಾಲೀಕರ ಹತ್ತಿರ ಅದಕ್ಕೇ ಜಾಸ್ತಿ ಜಗಳ ಆಡಲಿಲ್ಲ. ಮನೆಯಲ್ಲಿದ್ದ ಹಳೇ ತಾಡಪತ್ರಿ ಕೊಟ್ಟು ಬಂದೆ. ಸದ್ಯಕ್ಕೆ ಅದನ್ನು ಸಿಮೆಂಟ್ ಚೀಲಗಳಿಗೆ ಹೊದಿಸಿದ್ದಾರೆ.