ರಾಗಕ್ಕೆ ಕಾಲಂ ಇಲ್ಲ

ಸ್ವಿಟ್ಜರ್ಲೆಂಡಿನವರು ಗಡಿಯಾರ ಮಾಡೋದರಲ್ಲಿ ಜಾಣರಿರಬಹುದು, ವ್ಯವಹಾರದಲ್ಲಿ ಮಾತ್ರ ಶುದ್ಧ ದಡ್ಡರು. 1983ರಲ್ಲಿ ಬಾಸೆಲ್ ಊರಿನ ಪಾಲ್ ಸಾಖರ್ ಪ್ರತಿಷ್ಠಾನ ಒಂದು ರಾಶಿ ಹಳೇ ಕಾಗದಕ್ಕೆ 52.5 ಲಕ್ಷ ಡಾಲರ್ ಸುರಿಯಿತು. ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿ ಬಿಟ್ಟುಹೋದ ಹಸ್ತಪ್ರತಿ, ಪತ್ರ, ಕರಡುಗಳವು. 1913ರಲ್ಲಿ ಪ್ಯಾರಿಸ್ಸಿನಲ್ಲಿ ಈತನ ಬ್ಯಾಲೆ ಸಂಗೀತ ಕೇಳಿ ಜನ ಗಲಾಟೆ ಎಬ್ಬಿಸಿದ್ದರು. 1971ರಲ್ಲಿ ಪುಣ್ಯಾತ್ಮ ತೀರಿಕೊಂಡರು. ಅಷ್ಟು ದುಡ್ಡು ನಮ್ಮ ಕೈಗೆ ಸಿಕ್ಕಿದ್ದರೆ ಒಂದು ಭವನ, ಎರಡು ಕಮಾನು, ಒಂದು ಕಂಚಿನ ಪುತ್ಥಳಿ ಎದ್ದು ನಿಲ್ಲುತ್ತಿದ್ದವು. ಕಾಗದವನ್ನು ಗುಜರಿಗೆ ಹಾಕಿ ಮೇಲೆ ನಾಲ್ಕು ಕಾಸು ಗಿಟ್ಟಿಸುತ್ತಿದ್ದೆವು.

ನಮ್ಮ ಶಿವಮೊಗ್ಗ ಸೀಮೆಯಲ್ಲಿ ಒಬ್ಬ ಸಂಗೀತದ ಮೇಷ್ಟ್ರಿದ್ದರು ಅಂತ ಇಟ್ಟುಕೊಳ್ಳಿ. ಹೆಸರು ಬೇಡ, ನಿಮ್ಮೂರಲ್ಲೂ ಒಬ್ಬರಿದ್ದೇ ಇರುತ್ತಾರೆ. ಜೀವಮಾನವಿಡೀ ಹೊಸ ಕೃತಿ ಕಟ್ಟಿದವರು. ಅವರ ವೈಕುಂಠ ಸಮಾರಾಧನೆಯ ಊಟದ ಪಂಕ್ತಿಯಲ್ಲೇ ಸ್ಮಾರಕ ಸಮಿತಿ ಹುಟ್ಟಿತು. ಪಾಯಸ ಬರುವ ಹೊತ್ತಿಗೆ ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು ಎಲ್ಲ ತಯಾರು. ಸಮಿತಿಯಲ್ಲಿ ಸಂಗೀತದ ಗಂಧ ಇದ್ದವರು ಮೈಕ್‌ಸೆಟ್‌ನವರೊಬ್ಬರೇ.

ಮೇಷ್ಟ್ರ ಕಾಗದಪತ್ರ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ನೋಟ್‌ಬುಕ್ಕು, ಆಕಾಶವಾಣಿಯ ಪತ್ರ, ಬೆನ್ನಿನ ಮೇಲೆ ಸ್ವರ ಬರೆದ ಮದುವೆ ಕರೆಯೋಲೆ. ಅದರಲ್ಲಿ ಒಂದು ಹಾಳೆ ನೋಡಬೇಕು ನೀವು. ಒಂದು ಕಡೆ ಅಡಿಕೆ ಮಂಡಿಯ ಪಟ್ಟಿ: ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು, ಹಮಾಲಿ ಕಳೆದು ಕೈಗೆ ಬಂದದ್ದು ಇಷ್ಟು. ತಿರುಗಿಸಿದರೆ ಕಲ್ಯಾಣಿಯಲ್ಲೊಂದು ಚರಣ. ‘ಪ ಮ ಗ ರಿ’ ಅಂತ ಬರೆದು ಹೊಡೆದುಹಾಕಿದ್ದಾರೆ. ಪಕ್ಕದಲ್ಲಿ ಬೇರೆ ಬರೆದು ಅದನ್ನೂ ಹೊಡೆದಿದ್ದಾರೆ. ಮತ್ತೆ ಮೊದಲನೆಯದಕ್ಕೇ ಬಂದಿದ್ದಾರೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ‘ಇಲ್ಲಿ ಉಸಿರು ಸಾಲೋದಿಲ್ಲ’. ಅಚ್ಚಾದ ಪುಸ್ತಕದಲ್ಲಿ ಇದು ಸಿಗೋದಿಲ್ಲ. ಬಾಸೆಲ್‌ನವರು ದುಡ್ಡು ಕೊಟ್ಟಿದ್ದು ಇಂಥ ಹೊಡೆದುಹಾಕಿದ ಸಾಲುಗಳಿಗೇ.

ಮೇಷ್ಟ್ರ ಹೆಂಡತಿ ಟ್ರಂಕನ್ನು ಆಟೋದಲ್ಲಿ ಹಾಕಿಕೊಂಡು ಒಂದು ಕಚೇರಿಗೆ ಹೋದರು. ಗುಮಾಸ್ತರು ರಿಜಿಸ್ಟರು ತೆಗೆದರು.

‘ಅಮ್ಮಾ, ಇದರಲ್ಲಿ ಕುರ್ಚಿ, ಮೇಜು, ಫ್ಯಾನಿಗೆ ಕಾಲಂ ಇದೆ. ರಾಗಕ್ಕೆ ಕಾಲಂ ಇಲ್ಲ.’

‘ಪೀಠೋಪಕರಣ ಅಂತಲೇ ಬರ್ಕೊಳಪ್ಪಾ. ಟ್ರಂಕು ಕಬ್ಬಿಣದ್ದೇ ಅಲ್ವಾ?’

‘ಹಾಗಾದ್ರೆ ಟ್ರಂಕು ತಗೋಬಹುದು. ಒಳಗಿರೋದನ್ನ ಖಾಲಿ ಮಾಡಿ ಕೊಡಿ.’

ಸಮಿತಿಯವರನ್ನು ಕೇಳಿದರೆ ಮಳೆಯ ಮೇಲೆ ಹಾಕಿದರು. ಮಲೆನಾಡಲ್ಲಿ ಕಾಗದ ಉಳಿಯೋಲ್ಲವಂತೆ. ನಿಜವೇ, ಆಷಾಢದಲ್ಲಿ ಆಗುಂಬೆ ಕಡೆ ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುತ್ತದೆ. ಆದರೆ ಸಾಗರದ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಕಟ್ಟುಗಳಿವೆ. ಅಲ್ಲಿ ಮಳೆಗೆ ರಜೆ ಕೊಟ್ಟಿದ್ದಾರಾ? ಕಾಗದ ಉಳಿಯೋಕೆ ಬೇಕಾದ್ದು ಆಮ್ಲ ಇಲ್ಲದ ರಟ್ಟಿನ ಪೆಟ್ಟಿಗೆ, ತೇವ ಹೀರುವ ಒಂದು ಯಂತ್ರ, ತುಕ್ಕು ಹಿಡಿದ ಗುಂಡುಪಿನ್ನು ಕೀಳುತ್ತಾ ಕೂರುವ ಒಬ್ಬ ತಾಳ್ಮೆಯ ಮನುಷ್ಯ. ಗುಂಡುಪಿನ್ನು ಕಿತ್ತವರ ಫೋಟೋ ಫ್ಲೆಕ್ಸಿನಲ್ಲಿ ಹಾಕೋದಿಲ್ಲ, ತೊಂದರೆ ಅದೇ.

ಅಮೆರಿಕದ ಜಾನ್ ಕೇಜ್ ಅಂತ ಇನ್ನೊಬ್ಬ ಸಂಯೋಜಕರಿದ್ದರು. ಅವರಿಗೆ ಅಣಬೆ ಹುಚ್ಚು. ಅವರ ಪತ್ರಗಳು ಒಂದು ವಿಶ್ವವಿದ್ಯಾಲಯದಲ್ಲಿ, ಅಣಬೆಯ ಪುಸ್ತಕಗಳು ಸಾಂತಾ ಕ್ರೂಜ್‌ನ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಜೋಪಾನವಾಗಿವೆ. ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೇಷ್ಟ್ರ ಕಾಗದದ ಮೇಲೇ ಅಣಬೆ ಬೆಳೆಸಿದ್ದೇವೆ. ಕೇಜ್ 1952ರಲ್ಲಿ ಒಂದು ಕೃತಿ ಮಾಡಿದರು. ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ವಾದಕರು ಒಂದು ಸ್ವರವನ್ನೂ ನುಡಿಸೋದಿಲ್ಲ, ಸುಮ್ನೆ ಕೂತಿರುತ್ತಾರೆ. ಅದರ ಒಂದು ಹಸ್ತಪ್ರತಿ, ಹೆಚ್ಚುಕಮ್ಮಿ ಖಾಲಿ ಹಾಳೆಗಳೇ, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಖಾಲಿ ಹಾಳೆಗೂ ಅಲ್ಲಿ ಕಾವಲು! ನಮ್ಮ ಸಮಿತಿಗೆ ಈ ಕೃತಿ ಬಾಯಿಪಾಠ. ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿ ನೋಡಿ, ಪದಾಧಿಕಾರಿಗಳು ಅದನ್ನೇ ವಿಳಂಬ ಕಾಲದಲ್ಲಿ ನುಡಿಸುತ್ತಾರೆ.

ಭವನವಂತೂ ಎದ್ದಿತು. ಆಮಂತ್ರಣ ಪತ್ರಿಕೆಯಲ್ಲಿ ಗಣ್ಯರ ಹೆಸರುಗಳಿಗೇ ಜಾಗ ಸಾಲದೆ ಮೇಷ್ಟ್ರ ಹೆಸರು ಲಕೋಟೆಯ ಮೇಲೆ ಬಂತು. ಉದ್ಘಾಟನೆಗೆ ಅವರದೇ ಒಂದು ಕೃತಿ ಹಾಡಿಸೋಣ ಅಂದರೆ ಸ್ವರ ಬರೆದ ಹಾಳೆ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ‘ಮೇಷ್ಟ್ರಿಗೆ ಇಷ್ಟವಿದ್ದಿರಬಹುದಾದ’ ದೇವರನಾಮವೊಂದನ್ನು ಹಾಡಿಸಿದರು. ಅಧ್ಯಕ್ಷರು ಮೈಕು ತಟ್ಟಿ, ಮೇಷ್ಟ್ರ ಕೃತಿಗಳನ್ನು ಮುಂದಿನ ಪೀಳಿಗೆಗೆ ತಲುಪಿಸುತ್ತೇವೆ ಅಂದರು. ಒರಲೆಯ ಪೀಳಿಗೆಗಂತೂ ಆ ಹೊತ್ತಿಗೆ ತಲುಪಿಯಾಗಿತ್ತು.

ಉಳಿದಿದ್ದು ಒಂದೇ ಹಾಳೆ, ಆ ಮಂಡಿ ಪಟ್ಟಿ. ಬೆಳೆಸಾಲಕ್ಕೆ ದಾಖಲೆ ಬೇಕು ಅಂತ ಮಗ ಅದನ್ನು ಸೊಸೈಟಿಗೆ ಕೊಟ್ಟಿದ್ದ. ಅಲ್ಲಿ ಅದಕ್ಕೆ ನಂಬರ್ ಹಾಕಿದ್ದಾರೆ, ಸೀಲು ಒತ್ತಿದ್ದಾರೆ, ಫೈಲಿಗೆ ಸೇರಿಸಿ ಗಾಡ್ರೇಜ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಸಾಲ ತೀರಿಸಿದ ದಿನ ಕಲ್ಯಾಣಿಯನ್ನು ವಾಪಸ್ ಕೊಡ್ತಾರಂತೆ.